ಹಸಿ ಗ್ವಾಡಿಗಿ ಭಂಡಾರ

ರೂಪಾಲಿ,

ಕಾಲೇಜಿನಿಂದ ಬಂದಕೂಡ್ಲೆ ಮೊದಲ ಇದನ್ನ ಓದು. ನಾನೂ ನಿಮ್ಮಣ್ಣನೂ ಉದಗೀರಕ್ಕ ಹೊಂಟೀವಿ. ಹೊಟ್ಟ್ಯಾಗಿನ ಕೂಸಿನ ಸೋನೋಗ್ರಾಫಿ ಇನ್ನೊಮ್ಮಿ ಮಾಡಸ್ರಿ ಅಂತ ಡಾಕ್ಟರು ಫೋನ್ ಮಾಡಿದ್ರು. ಯಾಕಂತ ಹೇಳಲಿಲ್ಲ. ಅತ್ತಿಯವರಿಗಿ ಹೇಳಬ್ಯಾಡ, ಬಜಾರಕ್ಕ ಹೋಗ್ಯಾರ ಅನ್ನು.

ಗ್ಯಾಸಿನ ಕಟ್ಟಿ ಮ್ಯಾಲಿನ ಗ್ವಾಡಿ ಟೈಲ್ಸ್ ಸಂದಿಗಿ ಮಿಸ್ತ್ರಿ ಈಗಷ್ಟೇ ಬಿಳಿ ಸಿಮೆಂಟ್ ತುಂಬಿ ಹೋಗ್ಯಾನ. ಇನ್ನಾ ಹಸಿ ಅದ. ಒಗ್ಗರಣಿ ಹಾಕಬ್ಯಾಡ. ಚಹಾ ಬೇಕಂದ್ರ ಅಂಗಳದಾಗಿನ ಒಲಿ ಮ್ಯಾಲ ಮಾಡ್ಕೋ. ಬಟ್ಟೀಲೆ ಒರಸಾಕೂ ಹೋಗಬ್ಯಾಡ. ಕಟ್ಟಿಗೂ ಗ್ವಾಡಿಗೂ ನಡುವಿನ ಸಂದಿಗಿ ಅಂವಾ ನಾಳೆ ಸಿಲಿಕಾನ್ ಅಂಟು ಹಚ್ಚತಾನ, ಅಲ್ಲೀತನಾ ನೀರು ತಾಗಬಾರದು.

ಅತ್ತಿ ಬೀರಪ್ಪನ ಗುಡಿಯಿಂದ ಬಂದವರೇ ಒಳ್ಳೇದಾಗ್ಲಿ ಅಂತ ಹೊಸ ಗ್ವಾಡಿಗಿ ಭಂಡಾರ ಹಾರಸ್ತಾರ, ನಂಗ ಗೊತ್ತದ. ಫ್ರಿಜ್ಜಿಗೂ ಬಿಟ್ಟಿಲ್ಲ ಅವರು! ಹಸಿ ಸಿಮೆಂಟಿಗಿ ಆ ಅರಿಶಿಣ ಹತ್ತಿದ್ರ ಜನ್ಮಕ್ಕೂ ಹೋಗಂಗಿಲ್ಲ. ಬಿಳೀದೇ ಬೇಕಂತ ಹಟಾ ಮಾಡಿದಾಕಿ ನಾ. ಹೊಸ್ತಿಲಕ್ಕ ಹಾರಸು ಅಂತ ಹೇಳಿ ಅಡ್ಡ ನಿಲ್ಲು.

ಬ್ಯಾಡ, ಅಡ್ಡ ನಿಲ್ಲಬ್ಯಾಡ. ಉದಗೀರಕ್ಕ ಯಾಕ ಹೋಗೀವಿ ಅಂತ ಹೇಳಿಬಿಡು. ಗ್ವಾಡಿ ಹಳದಿ ಆದ್ರ ಆಗಲಿ. ಕೂಸಿನ ಹೆಸರಿಲೆ ಮುಷ್ಟಿ ತುಂಬ ಹಾರಸ್ಲಿ.

ನಿನ್ನ ವೈನಿ
ಮನಿಷಾ