ಬಟಾಣಿಯ ಹುಳುಕಡ್ಡಿ ಯಾಕೆ ವಾಸಿಯಾಗುತ್ತಿಲ್ಲ

ಗುರುವಾರ, ನವೆಂಬರ್ ೧೪
ಮಧ್ಯಾಹ್ನ, ದವಾಖಾನೆಯ ಔಷಧಿ ಕಿಟಕಿಯಿಂದ

ಪ್ರೀತಿಯ ಗುಬ್ಬಿ,

ನಿನ್ನ ಚೀಟಿ ಸಿಕ್ಕಿತು. ಎರಡು ತಿಂಗಳಿಂದ ತಪ್ಪದೆ ಔಷಧಿ ಕೊಟ್ಟರೂ ಬಟಾಣಿಯ ಹುಳುಕಡ್ಡಿ ಹೋಗುತ್ತಿಲ್ಲ, ಕಿವಿಯ ಹಿಂದೆ ಕೂದಲು ಬಂತು ಅನ್ನುವಷ್ಟರಲ್ಲಿ ಕಾಲಿನ ಮೇಲೆ ಉದುರುತ್ತದೆ, ನಾನು ಕೊಟ್ಟ ಔಷಧಿಯಲ್ಲೇ ಏನಾದರೂ ದೋಷವಿದೆಯೇ ಎಂದು ಕೇಳಿದ್ದೀಯ. ಹದಿನೇಳು ವರ್ಷದಿಂದ ಈ ಪ್ರಾಣಿಗಳ ದವಾಖಾನೆಯಲ್ಲಿ ಔಷಧಿ ಕೊಡುತ್ತಿದ್ದೇನೆ ಕಣೇ. ಔಷಧಿ ಸರಿಯಾಗಿಯೇ ಇದೆ. ನಿನ್ನ ಮನೆಗೆ ಬಂದುಹೋಗುವವರು ಸರಿಯಿಲ್ಲ.

ಹುಳುಕಡ್ಡಿ ಮೈಗೆ ಮೈ ತಾಗಿ ಬೆಕ್ಕಿನಿಂದ ಮನುಷ್ಯರಿಗೆ ಅಂಟುತ್ತದೆ, ಮನುಷ್ಯರಿಂದ ವಾಪಸ್ ಬೆಕ್ಕಿಗೂ ಅಂಟುತ್ತದೆ. ಒಬ್ಬರಿಗೆ ವಾಸಿ ಮಾಡಿ ಇನ್ನೊಬ್ಬರನ್ನು ಹಾಗೇ ಬಿಟ್ಟರೆ ಅದು ಸುತ್ತು ಹೊಡೆಯುತ್ತಲೇ ಇರುತ್ತದೆ. ಆ ಇನ್ನೊಬ್ಬರು ನನ್ನ ಗಂಡ.

ಗಾಬರಿಯಾಗಬೇಡ, ಕೂತುಕೊಂಡು ಓದು.

ಸೆಪ್ಟೆಂಬರಿನಲ್ಲಿ ಬಟಾಣಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದವರು ನಿನ್ನ ಅತ್ತಿಗೆ. ನಿನಗೆ ತಲೆನೋವಂತೆ. ಇದು ಹೊಸಬರ ಹತ್ರ ಹೋಗಲ್ಲ, ಪರಚಿಬಿಡುತ್ತೆ, ಹುಷಾರು ಅಂತ ಬೇರೆ ಎಚ್ಚರಿಸಿದರು. ಅವತ್ತು ಚಳಿಯಿತ್ತೆಂದು ನಾನು ಇವರ ಬೂದುಬಣ್ಣದ ಸ್ವೆಟರ್ ಹಾಕಿಕೊಂಡಿದ್ದೆ. ಬುಟ್ಟಿ ತೆರೆದದ್ದೇ ತಡ, ನಿನ್ನ ಬೆಕ್ಕು ನನ್ನ ಬಲತೋಳನ್ನು ಮೂಸಿ ನೋಡಿ, ನನ್ನ ಮಡಿಲೇರಿ, ಕಂಕುಳಿಗೆ ಮೂತಿ ತೂರಿಸಿ ಗುರುಗುಟ್ಟತೊಡಗಿತು. ಅತ್ತಿಗೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಡಾಕ್ಟರಮ್ಮ ಬಾಗಿಲು ಮುಚ್ಚಿ, ಹುಳುಕಡ್ಡಿ ಹತ್ತಿದ ಕೂದಲನ್ನು ಹೊಳೆಯಿಸುವ ನೀಲಿ ದೀಪ ಹಿಡಿದಾಗ ಬಟಾಣಿಯ ಕಿವಿಯ ಹಿಂದೆ ಹಸಿರಾಗಿ ಹೊಳೆಯಿತು. ಅದಿನ್ನೂ ಮುಟ್ಟಿಯೇ ಇರದ ನನ್ನ ಎಡತೋಳಿನ ಉಣ್ಣೆಯಲ್ಲೂ ನಾಲ್ಕೈದು ಕೂದಲು ಹಾಗೇ ಹೊಳೆದವು. ನಿಮ್ಮನೇಲೂ ಬೆಕ್ಕಿದೆಯೇನಮ್ಮ ಅಂದರು ಡಾಕ್ಟರಮ್ಮ. ಇಲ್ಲ ಅಂದೆ. ಹಾಗನ್ನುವಾಗಲೇ ಆ ಸ್ವೆಟರ್ ಯಾರದೆಂದು ನೆನಪಾಯಿತು.

ಇವರ ಮೊಣಕೈಯ ಒಳಗೆ, ಕುತ್ತಿಗೆಯ ಬುಡದಲ್ಲಿ ಕೆಂಪು ಉಂಗುರಗಳೆದ್ದು ಆಗಲೇ ತಿಂಗಳಾಗಿತ್ತು. ಇಡೀ ದಿನ ಕಾರು ಕಲಿಸ್ತೀನಲ್ಲ, ಸೀಟ್ ಬೆಲ್ಟ್ ಉಜ್ಜಿ ಹೀಗಾಗಿದೆ ಕಣೇ ಎಂದಿದ್ದರು. ನಾನೂ ನಂಬಿದ್ದೆ, ಪೆದ್ದಿ! ಸಂಜೆಯ ಹೆಚ್ಚುವರಿ ಕ್ಲಾಸುಗಳನ್ನು ನಂಬಿದ ಹಾಗೆಯೇ. ನೀನು ಬಾಯಿತುಂಬ ಅವರನ್ನು ಅಣ್ಣ, ಅಣ್ಣ ಅನ್ನುವುದನ್ನು ನಂಬಿದ ಹಾಗೆಯೇ. ಈ ಸಂಸಾರ ಒಂದೇ ನನ್ನದು ಅಂತ ಇದ್ದದ್ದು, ಗುಬ್ಬಿ. ನಿನಗೆ ಪಾರ್ಲರ್ ಇತ್ತು, ಸ್ವಂತ ಮನೆಯಿತ್ತು, ಬೆಕ್ಕೂ ಇತ್ತು. ಸಾಲದಾಯಿತೇ?

ಜಗಳ ಆಡಲಿಲ್ಲ. ಅಯ್ಯೋ ಪಾಪ ಎಂದು ಒಂದು ಸ್ಟಿರಾಯ್ಡ್ ಮುಲಾಮು ತಂದು ಕೈಗಿಟ್ಟೆ. ಅದನ್ನು ಹಚ್ಚಿದರೆ ತುರಿಕೆ ತಕ್ಷಣ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ರೋಗ ಮಾತ್ರ ಆರಾಮವಾಗಿ ಬೆಳೆಯುತ್ತದೆ. ಹುಳುಕಡ್ಡಿಗೆ ಅದನ್ನು ಕೊಡಬಾರದೆಂದು ಹದಿನೇಳು ವರ್ಷದಿಂದ ಈ ಕಿಟಕಿಯಲ್ಲಿ ಕೂತು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳಿದ್ದೇನೆ. ಇವರೊಬ್ಬರಿಗೆ ಹೇಳಲಿಲ್ಲ. ನಿನ್ನಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರಬೇಕು ಎಂದು ಹೊಗಳಿದರು. ಆಮೇಲೆ ಬೆನ್ನಿಗೆ ಹರಡಿತು, ಸೊಂಟಕ್ಕಿಳಿಯಿತು. ಅವರು ಹೊತ್ತು ತಂದದ್ದು ನಿನ್ನಲ್ಲಿಗೆ, ನಿನ್ನಿಂದ ಬಟಾಣಿಗೆ. ನೀನೀಗ ಪಾರ್ಲರಿನಲ್ಲಿ ಇಡೀ ದಿನ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡೇ ಇರುತ್ತೀಯಂತೆ, ನಿನ್ನ ಅತ್ತಿಗೆಯೇ ಹೇಳಿದರು. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ಬಟಾಣಿಯದು ಮಾತ್ರ ಏನೂ ತಪ್ಪಿರಲಿಲ್ಲ. ಆ ಮೂಕಪ್ರಾಣಿಯನ್ನು ಎರಡು ತಿಂಗಳು ನರಳಿಸಿದೆ. ಅದರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳು. ಈ ಪೊಟ್ಟಣದಲ್ಲಿ ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಗಳಿವೆ, ಊಟದ ಜೊತೆ ಕೊಡು. ಕೂದಲು ಬಂತೆಂದು ನಡುವೆ ನಿಲ್ಲಿಸಬೇಡ, ಆರು ವಾರ ಪೂರ್ತಿ ಕೊಡಬೇಕು. ಅದು ಮಲಗುವ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಒಗೆ, ಬಾಚಣಿಗೆ ಎಸೆದುಬಿಡು. ನೀನೂ ಇವರೂ ಮನುಷ್ಯರ ಚರ್ಮದ ಡಾಕ್ಟರಿಗೆ ತೋರಿಸಿಕೊಳ್ಳಿ. ಸ್ಟಿರಾಯ್ಡ್ ಹಚ್ಚಿದ್ದರೆಂದು ಮರೆಯದೆ ಹೇಳಿ, ಇಲ್ಲದಿದ್ದರೆ ಆ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಅಂದಹಾಗೆ, ಈ ಕಾಗದ, ಪೊಟ್ಟಣ ತಂದುಕೊಟ್ಟವರು ಇವರೇ ತಾನೇ? ಬೆಳಿಗ್ಗೆ ಕೇಳಿದಾಗ ನಿನ್ನ ಮನೆ ಎಲ್ಲಿ ಅಂತ ಸರಿಯಾಗಿ ನೆನಪಿಲ್ಲ ಎಂದರು! ನಾನು ದಾರಿ ಬರೆದುಕೊಟ್ಟೆ. ಅವರು ನಿನ್ನ ಬಾಗಿಲು ತಟ್ಟುವ ಹೊತ್ತಿಗೆ ಬೀಗದವನು ನನ್ನ ಬಾಗಿಲಿಗೆ ಹೊಸ ಬೀಗ ಹಾಕಿ ಮುಗಿಸಿರುತ್ತಾನೆ. ಬಟ್ಟೆಬರೆಯ ಎರಡು ಪೆಟ್ಟಿಗೆಗಳು ಸಂಜೆ ನಿನ್ನ ಪಾರ್ಲರಿಗೇ ಬರುತ್ತವೆ, ಗಿರಾಕಿಗಳು ತುಂಬಿರುವ ಹೊತ್ತಿಗೆ. ವಾಪಸ್ ಕಳಿಸಬೇಡ.

ಇಷ್ಟು ದಿನ ನಿನ್ನವಳಾಗಿದ್ದ,
ಹಾಸ್ಟೆಲಿನಲ್ಲಿ ನೀನೇ ಹೆಸರಿಟ್ಟ ‘ಸಾಧು’

ಮರೆತಿದ್ದೆ: ಮೂರು ತಿಂಗಳಿಂದ ಇವರ ಜೊತೆ ಒಂದೇ ಮಂಚದಲ್ಲಿ ಮಲಗಿದ್ದೇನೆ. ನಿನ್ನೆ ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಇಡೀ ಮೈ ಹುಡುಕಿದೆ ಕಣೇ, ಒಂದೇ ಒಂದು ಉಂಗುರವಾದರೂ ಇರಲಿ ದೇವರೇ ಎಂದು. ಒಂದೂ ಇರಲಿಲ್ಲ.