ಹಾರ್ಮೋನಿಯಂ ಬಿಡುಗಡೆಯಾಗದೆ ಸಪ್ಪಲಮ್ಮ ಹೆಜ್ಜೆ ಇಡಳು

ಮಾನ್ಯ ಸಾಂಕ್ರಾಮಿಕ ನಿಯಂತ್ರಣಾಧಿಕಾರಿಗಳೇ,

ತಾವು ನಮ್ಮ ಕೆರೆ ಏರಿಯಿಂದ ಜಪ್ತಿ ಮಾಡಿಸಿ ಒಯ್ದ ಹಾರ್ಮೋನಿಯಂ ಕೆಮ್ಮುವುದಿಲ್ಲ, ಸೀನುವುದಿಲ್ಲ, ಬಾಯಲ್ಲಿ ಊದುವ ವಾದ್ಯವೂ ಅಲ್ಲ. ಅದನ್ನೇಕೆ ಕ್ವಾರಂಟೈನ್‌ನಲ್ಲಿ ಇಟ್ಟಿದ್ದೀರಿ?

ಸಾಸಲು ಸುತ್ತಮುತ್ತ ದುರ್ಯೋಧನನ ಪಾತ್ರ ಕಟ್ಟಿ ಹೆಸರಾದವನು ನಾನು. ನಾನು ಗರ್ಜಿಸಿದರೆ ಮುಂದಿನ ಸಾಲಿನಲ್ಲಿ ಮಲಗಿದ್ದ ಮಕ್ಕಳು ಎದ್ದು ಅಳುತ್ತಿದ್ದವು. ಎರಡನೇ ಅಲೆಯಲ್ಲಿ ನನಗೂ ಹೆಂಡತಿ ಸಪ್ಪಲಮ್ಮನಿಗೂ ಕೊರೊನಾ ಬಂತು. ವಾಸಿಯಾದ ಮೇಲೆ ಒಂದು ಕಂದಪದ್ಯ ಮುಗಿಸುವಷ್ಟು ಉಸಿರೂ ನನ್ನಲ್ಲಿ ಉಳಿದಿರಲಿಲ್ಲ. ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಮತ್ತೆ ಬೀಳುವ ಭಯಕ್ಕೆ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಫಿಸಿಯೋಥೆರಪಿ ಓದಿದ ಸೊಸೆ ಪವಿತ್ರ, ವೈದ್ಯರನ್ನು ಕೇಳಿಕೊಂಡು, ತೈ ಚಿ ಎಂಬ ಚೀನಾದ ವ್ಯಾಯಾಮ ಕಲಿಸಿದಳು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಿಸುತ್ತಾ, ಉಸಿರಿನ ಜೊತೆ ಕೈ ತೇಲಿಸಬೇಕು. ಆದರೆ ನಾಟಕದವನ ಮನೆ, ಸ್ವಾಮಿ. ಪೆಟ್ಟಿಗೆಯ ನಾದವಿಲ್ಲದೆ ಯಾರ ಮೈಯೂ ಅಲುಗದು. ಹಾಗಾಗಿ ಹಾರ್ಮೋನಿಯಂ ಮೇಷ್ಟ್ರು ಅಪ್ಪಯ್ಯಣ್ಣನವರನ್ನು ಕೆರೆ ಏರಿಗೆ ಕರೆದೆವು.

ಈ ವ್ಯಾಯಾಮ ಮಾಡಿದರೆ ಸೋಂಕು ತಗಲುವುದಿಲ್ಲವೆಂದು ನಾನು ಡಂಗುರ ಹೊಡೆಯುತ್ತಿಲ್ಲ. ಅದಕ್ಕೆ ಲಸಿಕೆಯಿದೆ, ಮಾಸ್ಕ್ ಇದೆ. ಆದರೆ ನನ್ನ ಉಸಿರು ಉದ್ದವಾಯಿತು, ನಿದ್ದೆ ಮರಳಿತು, ಸಪ್ಪಲಮ್ಮ ಗೋಡೆ ಹಿಡಿಯದೆ ನಡೆದಳು.

ಆಗ ತಮ್ಮ ಜೀಪು ಪ್ರವೇಶಿಸಿತು.

"ಯಾವ್ ನಾಟಕ ಯಜಮಾನ್ರೇ ಇದು?" ಎಂದಿರಿ.

"ನಾಟಕ ಅಲ್ಲ ಸಾ, ಎಕ್ಸರ್‌ಸೈಜು" ಎಂದಳು ಸಪ್ಪಲಮ್ಮ.

"ಮತ್ತೆ ಪೆಟ್ಟಿಗೆ ಯಾಕಮ್ಮ?"

"ಅದಿಲ್ದೆ ಈ ದುರ್ಯೋಧನ ಕೈ ಎತ್ತಲ್ಲ, ನಾನು ಕಾಲು ಎತ್ತಲ್ಲ."

ತಾವು ನಕ್ಕಿರಿ, ಮಾಸ್ಕಿನ ಹಿಂದೆಯೂ ಕಂಡಿತು. ಆದರೂ 'ಅನುಮತಿಯಿಲ್ಲದ ನಾಟಕ ತಾಲೀಮು' ಎಂದು ಬರೆಸಿ, ಪೆಟ್ಟಿಗೆಯನ್ನು ಜೀಪಿಗೇರಿಸಿಕೊಂಡು ಹೋದಿರಿ. ಬಯಲಲ್ಲಿ ದೂರ ದೂರ ನಿಂತ ನಾವು ಮೂವರು ಗುಂಪಂತೆ. ಮೊನ್ನೆ ತಮ್ಮ ಕಚೇರಿಯ ಬೀಳ್ಕೊಡುಗೆಗೆ ಶಾಮಿಯಾನ ತುಂಬಿದ್ದವರು ಏನು? ಆಡಳಿತವೇ?

ಪವಿತ್ರ ಫೋನಿನಲ್ಲಿ ಸಂಗೀತ ಹಾಕಿ ನೋಡಿದಳು. ಸಪ್ಪಲಮ್ಮ ಅರ್ಧ ಹೆಜ್ಜೆಗೇ ನಿಂತಳು. "ಈ ಫೋನು ನಂಗೋಸ್ಕರ ಕಾಯಲ್ಲ ಕಣಮ್ಮ. ಅಪ್ಪಯ್ಯಣ್ಣ ಕಾಯ್ತಾನೆ" ಎಂದಳು. ಆಗಲೇ ನನಗೂ ಹೊಳೆದದ್ದು: ಮೇಷ್ಟ್ರ ಕಣ್ಣು ಇಷ್ಟು ದಿನ ಪೆಟ್ಟಿಗೆಯ ಸ್ವರದ ಮನೆಗಳ ಮೇಲಲ್ಲ, ಅವಳ ಪಾದದ ಮೇಲಿತ್ತು. ಈಗ ಅವಳು ಮತ್ತೆ ಗೋಡೆ ಹಿಡಿದಿದ್ದಾಳೆ.

ಆದ್ದರಿಂದ ಪೆಟ್ಟಿಗೆ ಹಿಂದಿರುಗಿಸಿ. ಕಾನೂನು ಅಡ್ಡಬಂದರೆ ತಮ್ಮ ಕಚೇರಿಯ ಅಂಗಳದಲ್ಲೇ ಯಾರಾದರೂ ನುಡಿಸಲಿ, ಅಲ್ಲಿಗೇ ಬರುತ್ತೇವೆ. ಷರತ್ತು ಒಂದೇ: ಸಪ್ಪಲಮ್ಮನ ಪಾದ ನೆಲ ಮುಟ್ಟುವವರೆಗೆ ಹಿಡಿದ ಸ್ವರ ಬಿಡಬಾರದು.

ಇಂತಿ, ತಮ್ಮ ಆಜ್ಞೆಗೆ ಮಣಿದು ಗದೆ ಕೆಳಗಿಟ್ಟು ಕೂತಿರುವ,
ದುರ್ಯೋಧನ ಪಾತ್ರಧಾರಿ ಸೊಣ್ಣಪ್ಪ