ಅಣ್ಣ ಬಿಗಿ ಮಾಡಿದ ಸ್ಕ್ರೂ

ಮನೆ, ಹಿಂಬಾಗಿಲ ಮೆಟ್ಟಿಲು
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅಕ್ಕ ಎದ್ದು ಓಡಾಡುತ್ತಿದ್ದಾಳಾ? ಮಗು ಒಂದೇ ಸಮನೆ ಅಳುತ್ತದೆ ಎಂದು ನೀನು ಬರೆದಿದ್ದೆ. ಅಳಲಿ ಬಿಡು, ಇಂಥ ಲೋಕಕ್ಕೆ ಬಂದವರು ಇನ್ನೇನು ಮಾಡಬೇಕು! ಬಾಣಂತನ ಮುಗಿಯುವವರೆಗೂ ನೀನು ಅಲ್ಲೇ ಇರು. ಇಲ್ಲಿ ಅಡುಗೆ ನನ್ನದೇ. ಅಣ್ಣ ಉಪ್ಪು ಜಾಸ್ತಿ ಎನ್ನುತ್ತಾನೆ, ತಟ್ಟೆ ಮಾತ್ರ ಖಾಲಿ ಮಾಡುತ್ತಾನೆ.

ಆ ಅಣ್ಣನ ಮೇಲೇ ನನಗೆ ಕೆಂಡದಂಥ ಸಿಟ್ಟು. ನಿಮ್ಮ ನೇಯ್ಗೆ ಶೆಡ್ಡಿನ ಜನರೇಟರ್ ನೋಡಿಕೊಳ್ಳುವವನು ಅವನೇ ತಾನೆ. ಅದರ ಎಂಜಿನ್ನಿಗೆ ಗವರ್ನರ್ ಅಂತ ಒಂದು ಭಾಗವಿದೆ. ಅದರೊಳಗೆ ಎರಡು ಗುಂಡುಗಳು ಎಂಜಿನ್ ಜೊತೆಗೇ ಸುತ್ತುತ್ತವೆ. ವೇಗ ಹೆಚ್ಚಿದರೆ ಹೊರಕ್ಕೆ ಸರಿದು ಡೀಸೆಲ್ ತಗ್ಗಿಸುತ್ತವೆ. ಮಗ್ಗಗಳೆಲ್ಲ ಒಟ್ಟಿಗೆ ಶುರುವಾಗಿ ಎಂಜಿನ್ ಮುಗ್ಗರಿಸಿದರೆ ಒಳಕ್ಕೆ ಸರಿದು ಡೀಸೆಲ್ ಹೆಚ್ಚಿಸುತ್ತವೆ. ಎಷ್ಟು ವೇಗ ಎಂದು ಗೊತ್ತುಮಾಡುವುದು ಒಂದು ಸ್ಪ್ರಿಂಗ್, ಅದಕ್ಕೊಂದು ಸ್ಕ್ರೂ. ಎಂಥ ಚೆಂದದ ವ್ಯವಸ್ಥೆ! ಸರ್ಕಾರಗಳೂ ಹೀಗೆ ನಡೆದಿದ್ದರೆ ನಾನು ಹಂಚುವ ಕರಪತ್ರಗಳೇ ಬೇಕಿರಲಿಲ್ಲ. ಧಣಿಯ ಮಾತು ಕೇಳಿ ಅಣ್ಣ ಆ ಸ್ಕ್ರೂ ಬಿಗಿ ಮಾಡಿ ವೇಗ ಏರಿಸಿದ್ದಾನೆ. ಎಂಜಿನ್ ಜೋರಾದಷ್ಟೂ ಕರೆಂಟಿನ ಮಿಡಿತ ಚುರುಕಾಗುತ್ತದೆ, ಆ ಮಿಡಿತಕ್ಕೆ ತಕ್ಕಂತೆ ಮಗ್ಗದ ಮೋಟಾರುಗಳು ಓಡುತ್ತವೆ. ಯಾರಿಗೂ ಒಂದು ಮಾತು ಹೇಳದೆ ಎಲ್ಲರ ಕೈಗಳನ್ನೂ ಓಡಿಸುತ್ತಿದ್ದಾರೆ ಅಮ್ಮಾ!

ಗೇಟಿನ ಮುಂದೆ ನಿಂತು ಇದನ್ನೆಲ್ಲ ಬಿಡಿಸಿ ಹೇಳಿದೆ. ಒಬ್ಬರಿಗೂ ರೋಷ ಬರಲಿಲ್ಲ. ಶೆಡ್ಡಿನ ಗೋಡೆ ಗಡಿಯಾರವೂ ಅದೇ ಕರೆಂಟಿನದಾದ್ದರಿಂದ ಅದೂ ಮುಂದೆ ಓಡುತ್ತದಂತೆ. ನಿನ್ನ ಪಕ್ಕದ ಮಗ್ಗದ ದೊಡ್ಡಕ್ಕ, "ಬೇಗ ಮನೆಗೆ ಬಿಡ್ತಾರಲ್ಲೋ ಭಾಷಣಪ್ಪ, ನಿನಗ್ಯಾಕೋ ಹೊಟ್ಟೆಕಿಚ್ಚು?" ಎಂದು ನಕ್ಕರು. ಕಿತ್ತ ದಾರ ಕಟ್ಟಿ ಕಟ್ಟಿ ಉಸಿರಾಡಲು ಪುರುಸೊತ್ತಿಲ್ಲ, ಆದರೂ ನಗು! ಲೆಕ್ಕ ಹಾಕಿದರೆ ಧಣಿಗೂ ಒಂದು ಗಜ ಬಟ್ಟೆ ಹೆಚ್ಚು ಸಿಗುತ್ತಿಲ್ಲ, ಗಡಿಯಾರ ಮಗ್ಗದ ಸಮಕ್ಕೇ ಓಡಿ ಬಾಗಿಲು ತೆಗೆಸುತ್ತಿದೆ. ಬೆಳಿಗ್ಗೆ ಮುಖ ತೋರಿಸಿ ಹೋಗುವ ಅವನಿಗೆ ಇದು ಗೊತ್ತಿಲ್ಲ. ಹೇಳೋಣವೆಂದರೆ ಗಡಿಯಾರ ಬದಲಿಸಿ ಎಲ್ಲರನ್ನೂ ಪೂರ್ತಿ ಹೊತ್ತು ಓಡಿಸುತ್ತಾನೆ. ಬಾಯಿ ಮುಚ್ಚಿಕೊಂಡಿರಬೇಕು, ಅದೂ ನಾನು!

ಅಣ್ಣನದು ಒಂದೇ ರಾಗ: "ನಾನಲ್ದಿದ್ರೆ ಇನ್ನೊಬ್ಬ ತಿರುಗಿಸ್ತಾನೆ ಕಣೋ." ಜಗಳ ಮಿತಿ ಮೀರಿದಾಗ, "ಅಮ್ಮ ಬಂದು ಮಗ್ಗದ ಮುಂದೆ ನಿಂತ ದಿನ ಇಳಿಸ್ತೀನಿ, ಧಣಿ ಏನ್ ಬೇಕಾದ್ರೂ ಮಾಡ್ಕೊಳ್ಳಿ" ಎಂದ. ನನ್ನ ಮೈ ಇನ್ನಷ್ಟು ಉರಿಯಿತು. ಉಳಿದವರು ಯಾರ ಅಮ್ಮಂದಿರೂ ಅಲ್ಲವೇ? ಇದು ನ್ಯಾಯವಲ್ಲ, ಸ್ವಜನಪಕ್ಷಪಾತ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಮಾತು ಬಿಟ್ಟಿದ್ದೇನೆ.

ಅಕ್ಕ ಭಾವನಿಗೆ ನನ್ನ ನೆನಪು ಹೇಳು. ಮಗುವಿನ ಅಂಗಾಲಿಗೊಂದು ಮುತ್ತು ಕೊಡು.

ಹೇಳಿದ ಮಾತು ಕೇಳದ,
ನಿನ್ನ ಕಿರಿಮಗ

ಲಕೋಟೆ ಅಂಟಿಸುವಷ್ಟರಲ್ಲಿ ಅಣ್ಣ ಬಂದ. ಲಾಳಿ ಮಗ್ಗದಿಂದ ಸಿಡಿದು ದೊಡ್ಡಕ್ಕನ ಹುಬ್ಬು ಸೀಳಿದೆ. ಕೂದಲೆಳೆಯಲ್ಲಿ ಕಣ್ಣು ಉಳಿಯಿತು. ಇವನ ತೋಳಿನ ತುಂಬ ಅವರ ರಕ್ತ, ಕೈಯನ್ನೂ ತೊಳೆಯದೆ ಕೂತಿದ್ದಾನೆ. ಈಗಲಾದರೂ ಇಳಿಸೋ ಎಂದರೆ "ಅಮ್ಮ ಬರ್ಲಿ" ಎಂದಷ್ಟೇ ಅನ್ನುತ್ತಾನೆ. ಅಲ್ಲೇ ಇರು ಎಂದು ಬರೆದದ್ದನ್ನು ಹೊಡೆದುಹಾಕು. ನ್ಯಾಯದ ಮಾತು ಆಮೇಲೆ ಆಡೋಣ. ಅಷ್ಟೂ ಮಗ್ಗಗಳಿಗೆ ಇರುವುದು ಒಂದೇ ಸ್ಕ್ರೂ ಅಮ್ಮಾ, ನಿನಗೆಂದು ಇಳಿಸಿದರೂ ಎಲ್ಲರಿಗೂ ಇಳಿಯುತ್ತದೆ. ಬೇಗ ಬಾ.